ಒಂದು ಬಲ್ಬಿನ ಮನೆ

ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ನೀವು ನೋಡಿರಬಹುದು. ಅದನ್ನು ನೇಯುವ ಕುಣಿಮಗ್ಗವನ್ನು ನೋಡಿದ್ದೀರಾ? ನೇಕಾರರು ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಾರೆ. ಕೂದಲಿನಂಥ ಎಳೆ ಕಡಿದರೆ ಹುಡುಕಿ ಗಂಟು ಹಾಕಬೇಕು. ಸಂಜೆಯ ನಂತರ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಈ ಕೆಲಸ ಎಷ್ಟು ಸಾಗೀತು, ನೀವೇ ಊಹಿಸಿ. ಇಂಥ ಮನೆಯಲ್ಲಿ ಬೆಳಕು ಹೋದರೆ ಅಷ್ಟು ಹೊತ್ತಿನ ದುಡಿಮೆಯೂ ಹೋದಂತೆ.

ನಮ್ಮ ನಾಡಿಗೆ ವಿದ್ಯುತ್ ಬಂದದ್ದು ತಡವಾಗಿಯೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಬಡವರ ಮನೆಗೆಂದೇ ‘ಭಾಗ್ಯಜ್ಯೋತಿ’ ಯೋಜನೆ ಬಂದದ್ದು ಮಾತ್ರ 1979-80ರಲ್ಲಿ. ಮನೆಗೊಂದು 40 ವ್ಯಾಟ್ ಬಲ್ಬು! 1988-89ರಲ್ಲಿ ಕೇಂದ್ರದ ‘ಕುಟೀರಜ್ಯೋತಿ’ಯೂ ಸೇರಿತು.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಈ ಮನೆಗಳಿಗೆ ಬಹುಕಾಲ ಇದ್ದ ಉಚಿತ ಮಿತಿ ತಿಂಗಳಿಗೆ 18 ಯೂನಿಟ್. 40 ವ್ಯಾಟ್ ಬಲ್ಬು ದಿನಕ್ಕೆ 15 ಗಂಟೆ ಉರಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ಆದರೆ 60 ವ್ಯಾಟಿನ ಒಂದು ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೂ ಅದೇ 18 ಯೂನಿಟ್. ಮೊಳಕಾಲ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನು ಹಾಕಿದವರು ಮಿತಿ ದಾಟಿದರು. ದಾಟಿದವರಿಗೆ ಬಿಲ್ಲು ಬಂತು. ಕಟ್ಟಲಾಗದೆ ಬಾಕಿ ಬೆಳೆಯಿತು. ಮಿತಿ ಮುಂದೆ 40 ಯೂನಿಟ್‌ಗೆ ಏರಿತು. 2023ರ ಜುಲೈನಿಂದ ‘ಗೃಹಜ್ಯೋತಿ’ 200 ಯೂನಿಟ್‌ವರೆಗೆ, ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ, ಉಚಿತ ಮಾಡಿತು. ಇವೆಲ್ಲ ರಾಜಧಾನಿಯಲ್ಲಿ ಆದ ತೀರ್ಮಾನಗಳು. ಊರಿನ ಪಂಚಾಯಿತಿಗೆ ಇದರಲ್ಲಿ ಪಾಲಿಲ್ಲವೇ?

ಇದೆ. 1992ರ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆಂದು ಪಟ್ಟಿ ಮಾಡಿದ 29 ವಿಷಯಗಳಲ್ಲಿ ಸೌದೆ-ಮೇವು, ಗ್ರಾಮೀಣ ವಿದ್ಯುದೀಕರಣ, ಅಸಾಂಪ್ರದಾಯಿಕ ಇಂಧನ ಮೂರೂ ಇವೆ. ವಿಚಿತ್ರವೆಂದರೆ, ಪಟ್ಟಣಗಳಿಗೆ ಬಂದ 74ನೇ ತಿದ್ದುಪಡಿಯ ಪಟ್ಟಿಯಲ್ಲಿ ಬೀದಿದೀಪ ಉಂಟು, ಮನೆಯ ದೀಪ ಇಲ್ಲ. ಮೊಳಕಾಲ್ಮೂರಿನದು ಪಟ್ಟಣ ಪಂಚಾಯಿತಿ. ಮಗ್ಗದ ಮನೆಯ ಹೊರಗಿನ ಕಂಬ ಅದರ ಹೊಣೆ, ಒಳಗಿನ ಕತ್ತಲೆ ಯಾರದೋ!

ಊರವರೇ ಹೊಣೆ ಹೊತ್ತರೆ ಏನಾಗುತ್ತದೆಂಬುದಕ್ಕೆ ನೆರೆಯ ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯನ್ನು ನೋಡಬೇಕು. ಕುಣಿಗಲ್ ತಾಲ್ಲೂಕಿನ ಈ ಊರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ, ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ಸಗಣಿ ಅನಿಲ ಸ್ಥಾವರ ಕಟ್ಟಿತು. ಮೊದಲು ಅಡುಗೆಗೆ ಗ್ಯಾಸ್ ಕೊಡುವ ಯೋಚನೆ. ಎಲ್ಲ ಮನೆಗೂ ಸಾಲುವಷ್ಟು ಸಗಣಿಯೇ ಇರಲಿಲ್ಲ. ಯೋಚನೆ ಬದಲಾಯಿತು. 1987ರಿಂದ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಸ್ವಲ್ಪ ಡೀಸೆಲ್ಲಿನೊಡನೆ ಬಿಟ್ಟು ವಿದ್ಯುತ್ ಮಾಡಿದರು. ಕೊಳವೆ ಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ಬೆಳಕು ಬಂತು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ, ಜೊತೆಗೆ ಹೊಲಕ್ಕೆ ಬಗ್ಗಡ ವಾಪಸು. ಆ ಪೈಸೆ ಹೆಚ್ಚಾಗಿ ಹೆಂಗಸರ, ಮಕ್ಕಳ ಕೈಗೆ ಸೇರುತ್ತಿತ್ತು. ಸ್ಥಾವರ ನಡೆಸಿದವರು ಊರಿನ ಹುಡುಗರು. ಶುಲ್ಕ ವಸೂಲಿ ಗ್ರಾಮ ವಿಕಾಸ ಸಭೆಯದು. ಸ್ಥಾವರ 1990ರ ದಶಕದಲ್ಲಿ ನಿಂತುಹೋಯಿತು, ನಿಜ. ಆದರೂ ಅಷ್ಟು ವರ್ಷ ಲೆಕ್ಕ ಇಟ್ಟವರು ಊರವರೇ.

ಬೆಳಕಿನ ಮಾತಾಯಿತು, ಒಲೆಯದು ಉಳಿಯಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ; ಮಿಕ್ಕದ್ದು ಗಾಳಿಗೆ, ಹೊಗೆ ಅಡುಗೆ ಮಾಡುವವಳ ಕಣ್ಣಿಗೆ. ಚಿಮಣಿ ಇರುವ, ಒಟ್ಟಿಗೆ ಮೂರು ಪಾತ್ರೆ ಇಡುವ ‘ಅಸ್ತ್ರ ಒಲೆ’ ಇದಕ್ಕೆ ಒಳ್ಳೆಯ ಉತ್ತರ. ಆದರೆ ಒಲೆ ಹಾಕಿಕೊಟ್ಟರೆ ಸಾಲದು. ಚಿಮಣಿಯ ಮಸಿ ತೆಗೆಯಬೇಕು, ಬಿರುಕಿಗೆ ಮಣ್ಣು ಮೆತ್ತಬೇಕು. ಇದಕ್ಕೆ ದೂರದ ಅಧಿಕಾರಿ ಬರಲಾರ. ಕೆಲಸ ಬಲ್ಲ ಒಬ್ಬರನ್ನು ಗ್ರಾಮ ಪಂಚಾಯಿತಿ ಗೊತ್ತುಮಾಡಬಹುದು. 2016ರಲ್ಲಿ ಉಜ್ವಲಾ ಯೋಜನೆಯ ಸಿಲಿಂಡರ್ ಬಂದ ಮೇಲೂ, ಮರುತುಂಬಿಸಲು ಹಣವಿಲ್ಲದ ಮನೆಗಳು ಒಲೆ ಬಿಟ್ಟಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ರಸ್ತೆಬದಿಯಲ್ಲಿ ಬಳ್ಳಾರಿ ಜಾಲಿಯ ಹೊರೆ ಹೊತ್ತ ಹೆಂಗಸರು ಕಂಡರೆ, ಎಷ್ಟು ದೂರದಿಂದ ತರುತ್ತೀರಿ ಎಂದು ಕೇಳಿನೋಡಿ. ಆ ದೂರವನ್ನು ಬರೆದಿಟ್ಟುಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ.