ಕನ್ನಡಿಗೆ ಕಾಣದ 512 ಬೈಟು

ದೊಡ್ಡಬಳ್ಳಾಪುರವಿರಲಿ, ಹೊಸಕೋಟೆ ಇರಲಿ, ಜಮೀನಿನ ಮಾತು ಬಂದರೆ ಜನ ಮೊದಲು ಕೇಳೋದು ಪಹಣಿ. ಒಂದು ಕಾಲದಲ್ಲಿ ಅದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ಇರ್ತಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು. ಅಂದರೆ, ಇನ್ನು ಮೇಲೆ ಡಿಸ್ಕಿನಲ್ಲಿ ಇದ್ದದ್ದೇ ದಾಖಲೆ.

ಆ ಡಿಸ್ಕೇ ಕೆಟ್ಟರೆ? ಈ ಭಯ ಹಳೆಯದು. 1970ರ ದಶಕದಲ್ಲೇ ಟ್ಯಾಂಡೆಮ್ ಕಂಪನಿಯ ಯಂತ್ರಗಳು ಒಂದೇ ಮಾಹಿತಿಯನ್ನು ಎರಡು ಡಿಸ್ಕಿಗೆ ಬರೆಯುತ್ತಿದ್ದವು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ತಮ್ಮ ಪ್ರಬಂಧದಲ್ಲಿ ಇಂಥ ಜೋಡಣೆಗಳಿಗೆ ‘ರೇಡ್’ ಅಂತ ಹೆಸರಿಟ್ಟರು. ಕನ್ನಡಿಯಂತೆ ನಕಲು ಇಡುವ ಬಗೆಗೆ ರೇಡ್ 1 ಎಂದರು.

ನೆಲಮಂಗಲದ ಒಂದು ಸಣ್ಣ ಆಫೀಸಿನಲ್ಲಿ ಇಂಥದ್ದೊಂದು ಲಿನಕ್ಸ್ ಯಂತ್ರ ನೋಡಿದ್ದೆ. ಮೊದಲನೇ ಡಿಸ್ಕು ಸತ್ತಿತ್ತು, ಎರಡನೆಯದು ಗಟ್ಟಿಯಾಗಿತ್ತು. ಆದರೂ ಪರದೆ ಕಪ್ಪು. “ಎಲ್ಲಾ ಎರಡೆರಡು ಇದೆ ಅಂದಿದ್ರು ಸಾರ್, ಮತ್ಯಾಕೆ ಆನ್ ಆಗ್ತಿಲ್ಲ?” ಅಂದರು ಮಾಲೀಕರು.

ಉತ್ತರ 1983ರಲ್ಲಿದೆ. ಆ ವರ್ಷ ಐಬಿಎಂನ ಪಿಸಿ ಎಕ್ಸ್‌ಟಿ 10 ಎಂಬಿ ಹಾರ್ಡ್ ಡಿಸ್ಕಿನ ಜೊತೆ ಬಂತು. ಡಿಸ್ಕಿನ ಮೊಟ್ಟಮೊದಲ 512 ಬೈಟಿನಲ್ಲಿ ಯಂತ್ರ ಎಬ್ಬಿಸುವ ಪುಟ್ಟ ಪ್ರೋಗ್ರಾಮು, ಜೊತೆಗೆ 64 ಬೈಟಿನ ಪಾರ್ಟಿಷನ್ ಪಟ್ಟಿ. ಇದು ಯಾವ ಪಾರ್ಟಿಷನ್ನಿಗೂ ಸೇರಿದ್ದಲ್ಲ. ಲಿನಕ್ಸಿನಲ್ಲಿ ಕನ್ನಡಿ ಹಿಡಿಯೋದು ಸಾಮಾನ್ಯವಾಗಿ ಪಾರ್ಟಿಷನ್ನುಗಳಿಗೆ. ಹಾಗಾಗಿ ಲೆಕ್ಕಪತ್ರವೆಲ್ಲ ನಕಲಾಗುತ್ತೆ, ಎಬ್ಬಿಸುವ ಪ್ರೋಗ್ರಾಮು ಮಾತ್ರ ಹಾಕಿದ ಡಿಸ್ಕಿನಲ್ಲೇ ಉಳಿಯುತ್ತೆ.

ಹೊಸ ಯುಇಎಫ್‌ಐ ಯಂತ್ರಗಳಲ್ಲೂ ಕಥೆ ಹೆಚ್ಚುಕಡಿಮೆ ಇದೇ. ಬೂಟ್ ಫೈಲುಗಳಿಗೆ ಪ್ರತ್ಯೇಕ ಪಾರ್ಟಿಷನ್ನು. ಯಾವ ಡಿಸ್ಕಿನದನ್ನು ಓದಬೇಕು ಅನ್ನೋದು ಮದರ್‌ಬೋರ್ಡಿನ ನೆನಪಿನಲ್ಲಿ. ಮದರ್‌ಬೋರ್ಡಿಗೆ ಲಿನಕ್ಸಿನ ಕನ್ನಡಿಯ ಸುದ್ದಿಯೇ ಗೊತ್ತಿಲ್ಲ.

ನೆಲಮಂಗಲದ್ದು ಹಳೇ ಬಗೆಯ ಯಂತ್ರ. ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಉಳಿದ ಡಿಸ್ಕಿನಿಂದಲೇ ರೇಡ್ ಜೋಡಿಸಿ, ಒಳಗಿನ ವ್ಯವಸ್ಥೆಗೆ ಹೊಕ್ಕು, ಗ್ರಬ್ ಅನ್ನು ಎರಡನೇ ಡಿಸ್ಕಿಗೆ ಹಾಕಿದ್ದಾಯ್ತು. ಎದ್ದಿತು. ಒಂದು ಫೈಲೂ ಹೋಗಿರಲಿಲ್ಲ.

ನಿಮ್ಮಲ್ಲೂ ಇಂಥ ಯಂತ್ರ ಇದ್ದರೆ ಹೀಗೆ ಮಾಡಿ. ಮೊದಲು ಬ್ಯಾಕಪ್ ತಗೊಳ್ಳಿ. ಒಂದು ಕಡೆ ಅಳಿಸಿದ್ದನ್ನು ಕನ್ನಡಿ ಎರಡೂ ಕಡೆ ಅಳಿಸುತ್ತೆ. ಆಮೇಲೆ ರಜಾದಿನ ನೋಡಿ ಯಂತ್ರ ಆಫ್ ಮಾಡಿ, ಮೊದಲನೇ ಡಿಸ್ಕಿನ ಕೇಬಲ್ ತೆಗೆದು ಆನ್ ಮಾಡಿ. ಎದ್ದರೆ ಸರಿ. ಮತ್ತೆ ಜೋಡಿಸಿ, ಪೂರ್ತಿ ಸಿಂಕ್ ಆಗೋವರೆಗೆ ಕಾಯಿರಿ. ಏಳದಿದ್ದರೆ ಅದು ಭಾನುವಾರವೇ ಗೊತ್ತಾಗಲಿ, ಸೋಮವಾರ ಕ್ಯೂ ನಿಂತವರ ಎದುರಿಗಲ್ಲ.