ಮಸ್ಕಿಯ ಬೋಕಿಗಳು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿರುವ ಮಸ್ಕಿಯ ಹೆಸರೆತ್ತಿದೊಡನೆ, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿದ್ದು, ದೇವಾನಾಂಪ್ರಿಯನೆಂಬುವನು ಅಶೋಕನೇ ಎಂದು ಸ್ಥಿರಪಡಿಸಿದ ಬಂಡೆಶಾಸನವನ್ನೇ ವಿದ್ಯಾವಂತರು ಸ್ಮರಿಸುವರು. ಆ ಶಾಸನಕ್ಕಿಂತ ಎಷ್ಟೋ ಶತಮಾನ ಮೊದಲು ಅಲ್ಲಿ ಬಾಳಿದವರ ಗಡಿಗೆ ಕುಡಿಕೆಗಳ ಚೂರುಗಳಾದರೋ, ಅಕ್ಷರಹೀನವಾದ ಕಾರಣ, ಬರಿಯ ಬೋಕಿಗಳೆಂದು ಉಪೇಕ್ಷಿತವಾಗಿವೆ.

1954ರಲ್ಲಿ ಪುರಾತತ್ತ್ವಜ್ಞ ಬಿ. ಕೆ. ಥಾಪರ್ ಅವರು ಅಲ್ಲಿ ಉತ್ಖನನ ನಡೆಸಿ, ಕಾಲಾನುಕ್ರಮವನ್ನು ನಿರ್ಣಯಿಸಿದ್ದು ಬಹುಮಟ್ಟಿಗೆ ಈ ಬೋಕಿಗಳ ಆಧಾರದಿಂದಲೇ. ತಳದ ಸ್ತರದಲ್ಲಿ ಮಂಕುಬೂದಿ ಬಣ್ಣದ ಪಾತ್ರೆಗಳು. ಅದರ ಮೇಲೆ ಕಬ್ಬಿಣದೊಡನೆ ಬೃಹತ್ ಶಿಲಾಸಮಾಧಿಗಳ ಜನರ ಕಪ್ಪು-ಕೆಂಪು ಪಾತ್ರೆಗಳು. ಅನಂತರ, ಕೆಂಗಂದು ಲೇಪದ ಮೇಲೆ ಬಿಳಿಯ ಗೆರೆಯೆಳೆದ ಇತಿಹಾಸಾರಂಭ ಕಾಲದವು. ಕಪ್ಪು-ಕೆಂಪು ಪಾತ್ರೆಯ ಒಳಮೈಯೂ ಕಂಠವೂ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಕವುಚಿಹಾಕಿ ಸುಟ್ಟಾಗ, ಗಾಳಿ ತಾಗದ ಭಾಗವು ಹೊಗೆಯಲ್ಲಿ ಕಪ್ಪಾಗಿ, ಗಾಳಿ ತಾಗಿದುದು ಕೆಂಪಗಾಯಿತೆಂಬುದು ವಿದ್ವಾಂಸರ ಬಹುಕಾಲದ ವಿವರಣೆ.

1957ರಲ್ಲಿ ‘ಏನ್ಷಂಟ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾದ ಆ ಉತ್ಖನನದ ವರದಿಯು ಸಾಮಾನ್ಯ ವಾಚಕನಿಗೆ ದುರ್ಗಮವಾದುದು. ಪುರಾತತ್ತ್ವಜ್ಞರು ಪಾತ್ರೆಯನ್ನು ಬರೆಯುವಾಗ ನಡುಗೆರೆಯ ಒಂದು ಪಕ್ಕದಲ್ಲಿ ಸೀಳಿದ ಗೋಡೆಯ ದಪ್ಪವನ್ನೂ ಮತ್ತೊಂದರಲ್ಲಿ ಹೊರಮೈಯನ್ನೂ ತೋರುವರು. ತಿಳಿದವನಿಗೆ ಅದು ಪಾತ್ರೆ, ತಿಳಿಯದವನಿಗೆ ಬರಿಯ ವಕ್ರರೇಖೆ. ಅದೇ ರೇಖೆಯನ್ನು ಗಣಕಯಂತ್ರದಲ್ಲಿ ನಡುಗೆರೆಯ ಸುತ್ತ ಒಮ್ಮೆ ತಿರುಗಿಸಿದರೆ, ತಿಗರಿಯ ಮೇಲಿನ ಮಣ್ಣಿನಂತೆ, ಪೂರ್ಣಪಾತ್ರೆಯು ಮೂರು ಆಯಾಮಗಳಲ್ಲಿ ಎದ್ದುನಿಲ್ಲುವುದು. ಮೂರು ಆಯಾಮದ ಮುದ್ರಣಯಂತ್ರವು ಕರಗಿದ ಪ್ಲಾಸ್ಟಿಕನ್ನು ಪದರದ ಮೇಲೆ ಪದರವಾಗಿ ಪೇರಿಸಿ ಅದನ್ನು ಕೈಗೆ ಕೊಡುವುದು. ಆದರೆ ಕೈಯಿಂದ ತಟ್ಟಿ ಮಾಡಿದ ನವಶಿಲಾಯುಗದ ಗಡಿಗೆಯು ಎಂದೂ ಸರಿವೃತ್ತವಲ್ಲ. ಹೀಗೆ ತಿರುಗಿಸಿದ ಪ್ರತಿಕೃತಿಯು ಅದನ್ನು ಮಾಡಿದವರ ಬೆರಳಿನ ಸೊಟ್ಟವನ್ನು ಅಳಿಸಿಬಿಡುವುದರಿಂದ, ಇಂತಹವುಗಳಿಗೆ ಸುತ್ತಲಿಂದಲೂ ಒಂದರ ಅಂಚಿನ ಮೇಲೊಂದು ಬರುವಂತೆ ತೆಗೆದ ನೂರಾರು ಛಾಯಾಚಿತ್ರಗಳಿಂದಲೇ ರೂಪ ಕಟ್ಟುವುದು ಲೇಸು. ಅಲ್ಲಿಯೂ ಒಂದು ತೊಡಕುಂಟು: ಕುಂಬಾರನು ಬೆಣಚುಕಲ್ಲಿನಿಂದ ಉಜ್ಜಿ ತಂದ ಹೊಳಪೇ ಕ್ಯಾಮರಾವನ್ನು ಮೋಸಗೊಳಿಸುವುದರಿಂದ, ಬೆಳಕನ್ನು ಸೋಸಿ ಮೃದುಗೊಳಿಸಬೇಕಾಗುವುದು.

ಮಸ್ಕಿಯೊಂದೇ ಅಲ್ಲ, ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿಯೂ ಪುರಾತತ್ತ್ವಜ್ಞ ಆಲ್ಚಿನ್ ಅಗೆದರು. ಭೂವಿಜ್ಞಾನಿ ಬ್ರೂಸ್ ಫೂಟನು ದಖ್ಖನ್ನಿನಲ್ಲೆಲ್ಲ ಕೂಡಿಸಿದ ಪ್ರಾಚ್ಯವಸ್ತುಗಳು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದುವು. ಹುಟ್ಟಿದ ನೆಲದವರಿಗೆ ಮೂಲವು ದೂರವಾದಲ್ಲಿ, ಪ್ರತಿಕೃತಿಯಾದರೂ ಶಾಲೆಯ ಮೇಜಿನ ಮೇಲಿರಲಿ. ಕುರುಡ ಬಾಲಕನು ಕಂಠದ ಬಾಗನ್ನು ಬೆರಳಿನಿಂದ ಓದಲಿ. ತಟ್ಟಿದರೆ ಅದು ಕಣಕಣಿಸದು, ನೀರು ಹೊಯ್ದರೆ ಮಣ್ಣಿನ ವಾಸನೆ ಬಾರದು, ನಿಜವೇ. ಆದಕಾರಣವೇ ಮುದ್ರಿಸುವವರು ಉಳಿದ ಬೋಕಿಯ ಭಾಗವನ್ನು ಒಂದು ಬಣ್ಣದಲ್ಲಿ, ಊಹಿಸಿ ತುಂಬಿದುದನ್ನು ಬೇರೊಂದರಲ್ಲಿ ತೋರಿ, ಅಡಿಯಲ್ಲಿ ಮೂಲದ ಅಳತೆಯನ್ನೂ ವರದಿಯಲ್ಲಿನ ಸಂಖ್ಯೆಯನ್ನೂ ಕನ್ನಡದ ಅಂಕಿಗಳಲ್ಲಿ ಒತ್ತಬೇಕು.