ನೂರನೇ ಒಂದು ಸೆಕೆಂಡಿನಲ್ಲಿ ಕೈತಪ್ಪಿದ ಪದಕ: ಹರ್ಡಲ್ಸ್ ತಾರೆ ಪಿ.ಟಿ. ಉಷಾ ಕೋಚ್ ಆದ ಕಥೆ

ಹೈದರಾಬಾದ್: 1984ರ ಆಗಸ್ಟ್ 8ರಂದು ನಡೆದ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್ ಅನ್ನು ಭಾರತೀಯರು ಇಂದಿಗೂ ಮರೆತಿಲ್ಲ. ಮೊರಾಕ್ಕೊದ ನವಾಲ್ ಎಲ್ ಮುತವಕ್ಕಿಲ್ ಚಿನ್ನ, ಅಮೆರಿಕದ ಜೂಡಿ ಬ್ರೌನ್ ಬೆಳ್ಳಿ ಗೆದ್ದರು. ಕಂಚು ಯಾರಿಗೆ ಎಂಬುದನ್ನು ಫೋಟೊ ಫಿನಿಷ್ ನಿರ್ಧರಿಸಿತು. ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡು, ಕೇರಳದ ಪಿ.ಟಿ. ಉಷಾ 55.42 ಸೆಕೆಂಡು!

ಸೋಲಿಗೆ ಕಾರಣಗಳೂ ಇದ್ದವು. ಕೋಚ್ ಒ.ಎಂ. ನಂಬಿಯಾರ್ ಅವರ ಗರಡಿಯಲ್ಲಿ ಉಷಾ ಬೆಳೆದಿದ್ದರೂ ಈ ಸ್ಪರ್ಧೆಯಲ್ಲಿ ಅಂತಾರಾಷ್ಟ್ರೀಯ ಅನುಭವ ತೀರಾ ಕಡಿಮೆ ಇತ್ತು. ಕ್ರೀಡಾ ಗ್ರಾಮದ ಊಟ ಹಿಡಿಸದೆ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡಿದ್ದಾಗಿ, ಅದರಿಂದ ಕೊನೆಯ ಹಂತದಲ್ಲಿ ಶಕ್ತಿ ಸಾಲದೆ ಹೋಯಿತೆಂದು ಅವರೇ ನಂತರ ಹೇಳಿಕೊಂಡಿದ್ದಾರೆ. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 5 ಚಿನ್ನ, 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ 4 ಚಿನ್ನ ಬಂದವು. ಒಲಿಂಪಿಕ್ಸ್ ಪದಕ ಮಾತ್ರ ಬರಲೇ ಇಲ್ಲ.

2000ದಲ್ಲಿ ಓಟಕ್ಕೆ ವಿದಾಯ ಹೇಳಿದ ಉಷಾ, 2002ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಕೊಯಿಲಾಂಡಿಯಲ್ಲಿ 'ಉಷಾ ಸ್ಕೂಲ್ ಆಫ್ ಅಥ್ಲೆಟಿಕ್ಸ್' ಆರಂಭಿಸಿದರು. ಬಾಲಕಿಯರಿಗೆ ಮಾತ್ರ ಪ್ರವೇಶ. ವಸತಿ, ಊಟ, ಓದು, ತರಬೇತಿ ಎಲ್ಲವೂ ಅಲ್ಲೇ. ತಮಗೆ ಸಿಗದಿದ್ದುದೆಲ್ಲ ಈ ಮಕ್ಕಳಿಗೆ ಎಳವೆಯಲ್ಲೇ ಸಿಗಬೇಕೆಂಬ ಹಟ ಅದರಲ್ಲಿ ಕಾಣುತ್ತದೆ. ನಂತರ ಶಾಲೆ ಕಿನಾಲೂರಿಗೆ ಸ್ಥಳಾಂತರಗೊಂಡಿತು.

ಮೊದಲ ತಂಡದಲ್ಲೇ ಇದ್ದ ಕಣ್ಣೂರು ಜಿಲ್ಲೆಯ ಟಿಂಟು ಲೂಕಾ ಉಷಾ ಅವರ ಅತಿ ದೊಡ್ಡ ಶಿಷ್ಯೆ. 2010ರಲ್ಲಿ ಕ್ರೊವೇಷಿಯಾದ ಸ್ಪ್ಲಿಟ್‌ನಲ್ಲಿ 800 ಮೀಟರ್ ದೂರವನ್ನು 1 ನಿಮಿಷ 59.17 ಸೆಕೆಂಡಿನಲ್ಲಿ ಓಡಿ, ಶೈನಿ ವಿಲ್ಸನ್ ಅವರ ರಾಷ್ಟ್ರೀಯ ದಾಖಲೆ ಮುರಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ, ಮರುವರ್ಷ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದರು. ಮೊದಲ ಸುತ್ತಿನಲ್ಲೇ ಟಿಂಟು ಮುನ್ನುಗ್ಗಿ ಕೊನೆಯಲ್ಲಿ ಸೊರಗುತ್ತಾರೆ, ಗುರುವಿನ ತಂತ್ರ ಬದಲಾಗಬೇಕು ಎಂಬ ಟೀಕೆಯೂ ಆಗ ಜೋರಾಗಿತ್ತು. ಅದರಲ್ಲಿ ಹುರುಳಿಲ್ಲದಿರಲಿಲ್ಲ. ರಿಯೊ ಒಲಿಂಪಿಕ್ಸ್‌ನ ರಿಲೇ ತಂಡದಲ್ಲಿದ್ದ ಜಿಸ್ನಾ ಮ್ಯಾಥ್ಯೂ ಕೂಡ ಇದೇ ಶಾಲೆಯವರು.

2022ರಲ್ಲಿ ಉಷಾ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅದೇ ವರ್ಷ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಇನ್ನು ಆ 55.42ರ ವಿಷಯ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಸ್ಪರ್ಧೆಯ ಚಿನ್ನ ಗೆದ್ದಾಗಲೂ ಉಷಾ ಅವರ ರಾಷ್ಟ್ರೀಯ ದಾಖಲೆ ಅಲುಗಾಡಲಿಲ್ಲ. 39 ವರ್ಷಗಳ ಬಳಿಕ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಹೀಟ್ಸ್‌ನಲ್ಲಿ ತಮಿಳುನಾಡಿನ ವಿದ್ಯಾ ರಾಮರಾಜ್ ಅದನ್ನು ಸರಿಗಟ್ಟಿದರು. ಅವರ ಸಮಯವೂ ನಿಖರವಾಗಿ 55.42 ಸೆಕೆಂಡು.